ಪ್ರಯಾಣಿಕರ ಗಮನಕ್ಕೆ

ಆ ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಚಿಕ್ಕಂದಿನಲ್ಲಿ ತನ್ನ ಪೆನ್ಸಿಲ್ಲಿನ ಮೊನೆ ಮುರಿದರೂ ಅಳುತ್ತಿದ್ದ, ಪಕ್ಕದವನ ಪೆನ್ಸಿಲ್ಲಿನ ಮೊನೆ ಮುರಿದರೂ ಅಳುತ್ತಿದ್ದ. ಅಕ್ಕ ಒಂದು ದಿನ ರೋಸಿಹೋಗಿ ಅಳುಮುಂಜಿ ಅಂದಳು, ಅದೇ ಗಟ್ಟಿಯಾಯಿತು. ಈಗ ಗಡ್ಡ ಬಂದು, ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು ಇಣುಕಿದ್ದರೂ ಮನೆಮಂದಿಗೆ ಅವನು ಅಳುಮುಂಜಿಯೇ. ತಮಾಷೆ ನೋಡಿ, ಕೊನೆಗೆ ಅದನ್ನೇ ಕಸುಬು ಮಾಡಿಕೊಂಡ. ಒಂದು ಗಿಟಾರು, ಒಂದು ಮೈಕು, ಪಕ್ಕದಲ್ಲಿ ಮಲಗಿದ ಮಗು ಏಳಬಾರದು ಎನ್ನುವ ಹಾಗೆ ಪಿಸುಗುಡುವ ಗಂಟಲು. ತಾನೇ ಬರೆದು, ತಾನೇ ಹಾಡಿ, ತಾನೇ ರೆಕಾರ್ಡ್ ಮಾಡಿ, ಮೊಬೈಲಿನಲ್ಲಿ ಹಾಡು ಕೇಳುವ ಜನರಿಗೆ ಬಿಡುತ್ತಿದ್ದ. ಹಾಡಿನಲ್ಲಿ ಯಾರೋ ಬಿಟ್ಟುಹೋಗಿರುತ್ತಿದ್ದರು, ಇನ್ಯಾರೋ ಹೊರಡುವುದರಲ್ಲಿರುತ್ತಿದ್ದರು, ಉಳಿದವರಿಗೆ ನಿದ್ದೆ ಬರುತ್ತಿರಲಿಲ್ಲ. ಎಲ್ಲ ಹಾಡಿನ ಕಥೆಯೂ ಹೆಚ್ಚುಕಡಿಮೆ ಇಷ್ಟೇ.

"ನಿನ್ನ ಹಾಡು ನಂಗ್ಯಾಕೋ? ಅಳಬೇಕು ಅನ್ನಿಸಿದ್ರೆ ಮನೇಲಿ ಈರುಳ್ಳಿ ಇದೆ," ಎನ್ನುತ್ತಿದ್ದಳು ಅಕ್ಕ. ಹಾಗನ್ನುತ್ತಲೇ ಅವನ ಮುಂದೆ ಊಟದ ತಟ್ಟೆ ಇಡುತ್ತಿದ್ದಳು, ಅವನ ಅಂಗಿಯ ಬಿದ್ದ ಗುಂಡಿ ಹೊಲಿಯುತ್ತಿದ್ದಳು. ಯಾಕೆಂದರೆ ಈ ಮಹಾನುಭಾವ ಇದ್ದದ್ದು ಅಕ್ಕ-ಭಾವನ ಮನೆಯಲ್ಲೇ. ಅಡುಗೆಮನೆಯ ಪಕ್ಕ ಒಂದು ಉಗ್ರಾಣ ಇತ್ತು, ಹಳೇ ಪಾತ್ರೆ, ಮುರಿದ ಕುರ್ಚಿ ತುಂಬಿದ್ದ ಕೋಣೆ. ಅದನ್ನು ಖಾಲಿ ಮಾಡಿಸಿ ಅವನಿಗೆ ಕೊಟ್ಟವರು ಭಾವ. "ಹಾಡೋನಿಗೆ ಒಂದು ಬಾಗಿಲು ಬೇಕು ಕಣೇ, ಹಾಕ್ಕೊಳ್ಳೋಕೆ," ಅಂದಿದ್ದರು ಅಕ್ಕನಿಗೆ. ಕೋಣೆಯ ಒಂದು ಗೋಡೆ ಬರೀ ಹಲಗೆಯದು. ಅದರ ಆಚೆ ಭಾವನ ಮಲಗುವ ಕೋಣೆ. ಆ ಕಡೆಯ ಸದ್ದು ಈ ಕಡೆ ಬಾರದಿರಲಿ ಎಂದು ಹಲಗೆಯ ಉದ್ದಕ್ಕೂ ಒಂದು ದಪ್ಪ ಕಂಬಳಿಯನ್ನು ಮೊಳೆ ಹೊಡೆದು ತೂಗುಹಾಕಿಕೊಟ್ಟವರೂ ಭಾವನೇ.

ಭಾವನಿಗೆ ಸದ್ದಿನ ವಿಷಯ ಗೊತ್ತಿತ್ತು. ಅವರು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದವರು. "ಪ್ರಯಾಣಿಕರ ಗಮನಕ್ಕೆ" ಎಂದು ಅವರು ಶುರುಮಾಡಿದರೆ ಪ್ಲಾಟ್‌ಫಾರಂನಲ್ಲಿ ಜಗಳವಾಡುತ್ತಿದ್ದ ಗಂಡ-ಹೆಂಡಿರೂ ಬಾಯಿ ಮುಚ್ಚಿ ಕತ್ತೆತ್ತುತ್ತಿದ್ದರು. ಗಟ್ಟಿಯಾದ ಧ್ವನಿ ಅಲ್ಲ, ಆದರೆ ದುಂಡಗಿನ ಧ್ವನಿ, ಒಂದಕ್ಷರ ಒಡೆಯುತ್ತಿರಲಿಲ್ಲ. ಅಳುಮುಂಜಿ ಚಿಕ್ಕವನಿದ್ದಾಗ ಅವನನ್ನು ಆ ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಗಂಟಲು ಸರಿಮಾಡಿಕೊಳ್ಳುವುದು ಬಟನ್ ಒತ್ತುವ ಮುಂಚೆ, ಒತ್ತಿದ ಮೇಲಲ್ಲ. ಮೈಕಿಗೂ ಬಾಯಿಗೂ ಒಂದು ಗೇಣು. ಮೊದಲು ಬೆರಳ ಗೆಣ್ಣಿನಿಂದ ಮೈಕನ್ನು ಎರಡು ಸಲ ತಟ್ಟಿ ನೋಡಬೇಕು. ಅಳುಮುಂಜಿಗೆ ಮೈಕಿನ ಮುಂದೆ ಕೂರುವುದು ಗೊತ್ತಿತ್ತು ಅಂದರೆ ಅದು ಭಾವ ಹೇಳಿಕೊಟ್ಟಿದ್ದು. ಬೇರೆ ಗುರು ಇಲ್ಲ.

ಅಂಥ ಭಾವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಇಷ್ಟಾದರೂ ಸುಮ್ಮನಿರದೆ ನಾಲಿಗೆಯನ್ನೂ ಕಟ್ಟಿಹಾಕಿತು. ಮಾತೆಲ್ಲ ಒಳಗಿದೆ, ಹೊರಗೆ ಬರುತ್ತಿಲ್ಲ. ನೋಡಲು ಬಂದವರ ಮುಂದೆ ಬಾಯಿ ತೆರೆಯುವುದಕ್ಕೇ ನಾಚಿಕೆ. ಯಾರಾದರೂ ಬಂದ ಸದ್ದಾದರೆ ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡುತ್ತಿದ್ದರು. ಅಳುಮುಂಜಿಯ ಎದುರೂ ಅಷ್ಟೇ, ಕೈಸನ್ನೆ, ಕಣ್ಸನ್ನೆ. ಒಂದೇ ಒಂದು ಜೀವದ ಮುಂದೆ ಅವರು ತೊದಲುತ್ತಿದ್ದರು. ಅದು ಅಕ್ಕ.

ದಿನಾ ಬೆಳಗ್ಗೆ ಚಹಾ ಆದಮೇಲೆ ಇಬ್ಬರೂ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಪಾಠಕ್ಕೆ ಕೂರುತ್ತಿದ್ದರು. ಮಾತು ಕಲಿಸುವ ಡಾಕ್ಟರಮ್ಮ ಅಕ್ಕನಿಗೆ ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದರು: ಅವರು ಎಷ್ಟೇ ತಡವರಿಸಲಿ, ನೀವು ಮಾತು ಎತ್ತಿಕೊಡಬಾರದು, ಅವರಾಗೇ ಹೇಳುವ ತನಕ ಕಾಯಬೇಕು. ಅಯ್ಯೋ, ಅಕ್ಕನಿಗೆ! ಹುಟ್ಟಿದಾಗಿನಿಂದ ಬೇರೆಯವರ ಮಾತನ್ನು ಅರ್ಧದಲ್ಲೇ ಕಸಿದುಕೊಂಡು ತಾನೇ ಮುಗಿಸಿದವಳು. ಅಂಗಡಿಯವನು "ಇವತ್ತು ಹಾಲು..." ಎನ್ನುವಷ್ಟರಲ್ಲಿ "ಬಂದಿಲ್ಲ ತಾನೇ?" ಎನ್ನುವವಳು. ಅವಳು ಚಿತ್ರದ ಕಾರ್ಡು ತೋರಿಸಿ, ತುಟಿ ಕಚ್ಚಿಕೊಂಡು, ಸೆರಗಿನ ತುದಿ ಹಿಂಡಿಕೊಂಡು, ಒಂದೊಂದು ಮಾತಿಗೂ ಕಾಯುತ್ತಿದ್ದಳು. ಕಿಟಕಿ, ಲೋಟ, ಚಪ್ಪಲಿ. ಎಲ್ಲ ಆದಮೇಲೆ ಕೊನೆಗೆ ಭಾವ ತಾವಾಗಿಯೇ ಒಂದು ಪ್ರಯತ್ನ ಮಾಡುತ್ತಿದ್ದರು. ಅದನ್ನು ಡಾಕ್ಟರಮ್ಮ ಹೇಳಿರಲಿಲ್ಲ, ಅಕ್ಕನೂ ಹೇಳಿರಲಿಲ್ಲ. ತಮ್ಮ ಹಳೇ ಮಾತು, ಪ್ರಯಾಣಿಕರ ಗಮನಕ್ಕೆ. ಅದು ಮಾತ್ರ ಬರುತ್ತಲೇ ಇರಲಿಲ್ಲ.

ಇನ್ನು ನಮ್ಮ ಹಾಡುಗಾರನ ವಿಷಯ. ಅವನಿಗೊಂದು ದೊಡ್ಡ ಸಿದ್ಧಾಂತ ಇತ್ತು: "ನನ್ನ ರೆಕಾರ್ಡಿಂಗಿನಲ್ಲಿ ಏನೂ ಸೇರಿಸಲ್ಲ, ಏನೂ ತೆಗೆಯಲ್ಲ." ಕುರ್ಚಿ ಕಿರ್ರೆಂದರೆ ಹಾಗೇ ಇರಲಿ. ಹಾಡಿನ ನಡುವೆ ಉಸಿರೆಳೆದರೆ ಹಾಗೇ ಇರಲಿ. ಅಕ್ಕ ಅಡುಗೆಮನೆಯಲ್ಲಿ ಸೌಟು ಬೀಳಿಸಿದ್ದೂ ಒಂದು ಹಾಡಿನಲ್ಲಿತ್ತು. ಕೇಳುವವರಿಗೆ ಅದೇ ಇಷ್ಟ. ಎಷ್ಟು ಸರಳ, ಎಷ್ಟು ನಿಜ ಅಂತ ಬರೆಯುತ್ತಿದ್ದರು. ಇವನು ಅದನ್ನು ಓದಿ ಓದಿ ನಂಬಿಕೊಂಡೂ ಬಿಟ್ಟಿದ್ದ.

ಒಂದು ಬೆಳಗ್ಗೆ ಹೊಸ ಹಾಡು ರೆಕಾರ್ಡ್ ಮಾಡುತ್ತಿದ್ದ. ಹೊರಟವರ ಮೇಲಿನ ಹಾಡೇ, ಇನ್ನೇನು. "ರೈಲು ಬಂತು, ರೈಲು ಹೋಯ್ತು, ನಾನು ನಿಂತೇ ಇದ್ದೆ" ಎಂದು ಮುಗಿಯುತ್ತಿತ್ತು. ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಕೊನೆಯ ತಂತಿಯ ಗುಂಯ್ ಎನ್ನುವ ಸದ್ದಿನ ಹಿಂದೆ ಇನ್ನೊಂದು ಏನೋ ಇದೆ. ಎಲ್ಲೋ ದೂರದಲ್ಲಿ ಒಬ್ಬ ಗಂಡಸು. "ಪ್ರ... ಪ್ರಯಾ..." ಮೈ ಜುಮ್ಮೆಂದಿತು. ಇದು ಭಾವ ಎಂದು ಗೊತ್ತಾಯಿತು. ಇದನ್ನು ತಾನು ಕೇಳಬಾರದಿತ್ತು ಎಂದೂ ಗೊತ್ತಾಯಿತು. ಆದರೆ ಅದಕ್ಕಿಂತ ಮೊದಲು ಗೊತ್ತಾದದ್ದು, ಎಂಥಾ ಚೆನ್ನಾಗಿದೆಯಲ್ಲಾ ಎಂದು.

ಅಲ್ಲಿಗೇ ಬಿಟ್ಟಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಬಿಡಲಿಲ್ಲ ಪುಣ್ಯಾತ್ಮ. ಸದ್ದು ಮಸುಕಾಗಿದೆ, ಮಾತು ಸ್ಪಷ್ಟವಾಗಿಲ್ಲ ಎಂದು ಮರುದಿನ ಬೆಳಗ್ಗೆ ಕಂಬಳಿಯ ಒಂದು ಮೂಲೆಯ ಮೊಳೆ ಕಿತ್ತು, ಮಡಿಸಿ, ಪಿನ್ ಚುಚ್ಚಿ ಮೇಲೆ ಸಿಕ್ಕಿಸಿದ. ಮೈಕನ್ನು ಹಲಗೆಗೆ ಆನಿಸಿಟ್ಟ. ಆಚೆ ಪಾಠ ಶುರುವಾಯಿತು, ಈಚೆ ಇವನು ಉಸಿರು ಬಿಗಿಹಿಡಿದು ಕೂತ. ಅವತ್ತು ಸರಿಬರಲಿಲ್ಲ, ಭಾವ ಕೆಮ್ಮಿಬಿಟ್ಟರು. ಮರುದಿನವೂ ಕೂತ. ಅದರ ಮರುದಿನವೂ ಕೂತ. ಒಂದು ದಿನ ಅವನಿಗೆ ಬೇಕಾದದ್ದು ಸಿಕ್ಕಿತು.

"ಪ್ರ... ಪ್ರಯಾ... ಪ್ರಯಾ..." ಆಮೇಲೆ ದೀರ್ಘ ಮೌನ. ಆಮೇಲೆ ಭಾವ ತಮ್ಮ ಮೇಲೆ ತಾವೇ ಹೇಸಿಕೊಂಡು, "ಥೂ."

ಆಮೇಲೆ ಅಕ್ಕನ ಧ್ವನಿ, ಮೆಲ್ಲಗೆ: "ನಾಳೆ ಬರುತ್ತೆ ಬಿಡ್ರೀ."

ಹಾಡಿನ ತುದಿಗೆ ಅದನ್ನು ಅಂಟಿಸಿದ. ಏನೂ ಸೇರಿಸದವನು ಸೇರಿಸಿದ. ಕೇಳಿ ನೋಡಿದರೆ, ಅಕ್ಕನ ಮಾತಿನಿಂದ ಹಾಡು ಕೆಟ್ಟಂತಾಗುತ್ತಿತ್ತು. ಅಷ್ಟು ಹೊತ್ತಿನ ದುಃಖವೆಲ್ಲ ಆ ಒಂದು ಮಾತಿನಲ್ಲಿ ಕರಗಿಹೋಗುತ್ತಿತ್ತು. ಅದನ್ನು ಕತ್ತರಿಸಿ ಹಾಕಿದ. ಏನೂ ತೆಗೆಯದವನು ತೆಗೆದ. ಹಾಡು "ಥೂ" ಎನ್ನುವಲ್ಲಿಗೆ ನಿಂತಿತು. ಅಂದು ಊಟಕ್ಕೆ ಕೂತಾಗ ಅಕ್ಕ, "ಏನೋ ಅಳುಮುಂಜಿ, ಮುಖ ಯಾಕೆ ಕಳ್ಳನ ಥರ ಇದೆ?" ಎಂದಳು. ತಮಾಷೆಗೆ ಅಂದದ್ದು. ಅವನು ಸಾರು ಬಡಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ.

ಆ ಹಾಡು ಎಷ್ಟು ಓಡಿತು ಅಂತೀರಿ! ಅವನ ಅಷ್ಟೂ ವರ್ಷದ ಹಾಡುಗಳನ್ನೆಲ್ಲ ಒಟ್ಟು ಸೇರಿಸಿದರೂ ಅದರ ಕಾಲು ಭಾಗ ಜನ ಕೇಳಿರಲಿಲ್ಲ. ಎಲ್ಲರ ಬಾಯಲ್ಲೂ ಅದಕ್ಕೆ ಒಂದೇ ಹೆಸರು, ಥೂ ಹಾಡು. ಕೊನೆಯಲ್ಲಿ ಬರುವ ಆ ಮುದುಕ ಯಾರು ಎಂದು ಜನ ತಲೆಕೆಡಿಸಿಕೊಂಡರು. ಹೊರಡಲಾಗದ ಮನುಷ್ಯನ ಸಂಕೇತ ಎಂದು ಒಬ್ಬರು ಬರೆದರು. ಅದು ಹಾಡುಗಾರನದೇ ಧ್ವನಿ, ವಯಸ್ಸಾದ ಮೇಲಿನ ತನ್ನನ್ನು ತಾನೇ ನಟಿಸಿದ್ದಾನೆ ಎಂದು ಇನ್ನೊಬ್ಬರು. ರೇಡಿಯೋದವಳೊಬ್ಬಳು ನೇರವಾಗಿಯೇ ಕೇಳಿದಳು.

"ಆ ಧ್ವನಿ ಯಾರದ್ದು ಸರ್?"

"ಯಾರೋ," ಅಂದ ಇವನು. "ಗೋಡೆಯಾಚೆ ಯಾರೋ ಒಬ್ಬರು."

ಸ್ಟೂಲಿನ ಮೇಲೆ ಕೂರಿಸಿಕೊಂಡು ಮೈಕು ತೋರಿಸಿದವರು, ಉಗ್ರಾಣ ಖಾಲಿ ಮಾಡಿಸಿಕೊಟ್ಟವರು, ಯಾರೋ ಒಬ್ಬರು. ರೇಡಿಯೋ ಕಚೇರಿಯಿಂದ ಹೊರಬಂದವನು ಬಸ್ಸು ಹತ್ತದೆ ಮನೆಯ ತನಕ ನಡೆದೇ ಹೋದ. ಯಾರ ಮುಖ ನೋಡಲೂ ಅವನಿಗೆ ಮನಸ್ಸಾಗಲಿಲ್ಲ.

ಮನೆಯಲ್ಲಿ ಮಾತ್ರ ಇದು ಗೊತ್ತಿರಲಿಲ್ಲ. ಅಕ್ಕನ ಫೋನು ಕರೆ ಮಾಡುವುದಕ್ಕಷ್ಟೇ ಇದ್ದದ್ದು. ಭಾವ ಒಮ್ಮೊಮ್ಮೆ ಕೈಯನ್ನು ಗಿಟಾರು ಬಾರಿಸುವಂತೆ ಆಡಿಸಿ, ಹಾಡು ಕೇಳಿಸು ಎಂದು ಸನ್ನೆ ಮಾಡುತ್ತಿದ್ದರು. ಇವನು ಹಳೇ ಹಾಡುಗಳನ್ನು ಹಾಕುತ್ತಿದ್ದ. ಭಾವ ಕಣ್ಣು ಮುಚ್ಚಿ ಕೇಳಿ, ಎಡಗೈ ಹೆಬ್ಬೆರಳು ಎತ್ತುತ್ತಿದ್ದರು. ಆ ಹೆಬ್ಬೆರಳು ನೋಡಿದಾಗೆಲ್ಲ ಇವನು ನೀರು ಕುಡಿಯುವ ನೆಪ ಮಾಡಿ ಎದ್ದುಹೋಗುತ್ತಿದ್ದ.

ಹೀಗಿರುವಾಗ ಹಾಡಿನ ಗುಂಪೊಂದರವರು ಅವನದೊಂದು ಸಂಜೆಯ ಕಾರ್ಯಕ್ರಮ ಇಟ್ಟುಕೊಂಡರು. ಹಳೇ ಗೋದಾಮೊಂದನ್ನು ತೊಳೆದು, ಕುರ್ಚಿ ಹಾಕಿ, ಸಭಾಂಗಣ ಮಾಡಿದ್ದರು. ಅಕ್ಕನ ಸಂಭ್ರಮ ಹೇಳತೀರದು.

"ನಾವೂ ಬರ್ತೀವಿ ಕಣೋ. ನಿಮ್ಮ ಭಾವಂಗೂ ಹೊರಗಿನ ಗಾಳಿ ಸೋಕಿದಂಗಾಗುತ್ತೆ."

"ಬೇಡ ಅಕ್ಕ. ಮೆಟ್ಟಿಲು ಜಾಸ್ತಿ ಇದೆ. ಭಾವಂಗೆ ಕಷ್ಟ."

ಮೆಟ್ಟಿಲು ಇದ್ದದ್ದು ಎರಡೇ. ಅಕ್ಕ ಇವನ ಮುಖವನ್ನೇ ಒಂದು ಗಳಿಗೆ ನೋಡಿ, "ಸರಿ ಬಿಡು," ಎಂದು ಒಳಗೆ ಹೋದಳು. ಇವನು ನಿಟ್ಟುಸಿರು ಬಿಟ್ಟ.

ಕಾರ್ಯಕ್ರಮದ ದಿನ ಗೋದಾಮು ತುಂಬಿತ್ತು. ಹಾಡು ಶುರುಮಾಡಿದ. ಜನ ಮಿಸುಕಾಡದೆ ಕೇಳಿದರು. ನಾಲ್ಕಾರು ಹಾಡು ಆಗುವಷ್ಟರಲ್ಲಿ ಅವನ ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಕೊನೆಯ ಸಾಲು ಕಂಡಿತು. ಅಲ್ಲಿ, ಬಾಗಿಲ ಪಕ್ಕ, ಅಕ್ಕ ಕೂತಿದ್ದಳು. ಅವಳ ಪಕ್ಕ ಭಾವ. ನುಣ್ಣಗೆ ಶೇವ್ ಮಾಡಿಸಿಕೊಂಡು, ಸ್ಟೇಷನ್ನಿನ ಕಾಲದ ಕಪ್ಪು ಕೋಟು ಹಾಕಿಕೊಂಡು, ಊರುಗೋಲನ್ನು ಎರಡು ಮೊಣಕಾಲ ನಡುವೆ ನಿಲ್ಲಿಸಿಕೊಂಡು. ಲಕ್ವ ಹೊಡೆದ ಮೇಲೆ ಆಸ್ಪತ್ರೆ ಬಿಟ್ಟರೆ ಮನೆಯಿಂದ ಹೊರಗೆ ಕಾಲಿಟ್ಟಿರದ ಮನುಷ್ಯ. ಇವನು ನೋಡಿದ್ದನ್ನು ನೋಡಿ ಭಾವ ಎಡಗೈ ಹೆಬ್ಬೆರಳು ಎತ್ತಿದರು.

ಇವನು ಕಣ್ಣು ಕೆಳಗಿಳಿಸಿದ. ಆ ಹಾಡನ್ನು ಇವತ್ತು ಹಾಡಲೇಬಾರದು ಎಂದುಕೊಂಡ. ಬೇರೇನೇನೋ ಹಾಡಿದ. ನಮಸ್ಕಾರ ಎಂದು ಎದ್ದೂ ನಿಂತ. ಜನ ಬಿಡಬೇಕಲ್ಲ!

"ಥೂ ಹಾಡು! ಥೂ ಹಾಡು!"

"ಅದಿಲ್ದೆ ಹೆಂಗೆ ಸರ್ ಹೋಗ್ತೀರಿ?"

"ಅದು... ಇವತ್ತು ಬೇಡ," ಎಂದ. ಮೈಕಿಗೆ ಕೇಳಿಸುವಷ್ಟೂ ಜೋರಾಗಿ ಹೇಳಲಿಲ್ಲ. ಜನ ಅದನ್ನು ಸಂಕೋಚ ಎಂದುಕೊಂಡು ಇನ್ನಷ್ಟು ಚಪ್ಪಾಳೆ ಹೊಡೆದರು. ಬೇಡ ಎನ್ನಲು ಒಂದು ಕಾರಣ ಹೇಳಬೇಕು. ಕಾರಣ ಹೇಳಿದರೆ ಎಲ್ಲ ಹೇಳಬೇಕು. ಒಂದು ಕಡೆ ಮುನ್ನೂರು ಜನರ ಚಪ್ಪಾಳೆ, ಇನ್ನೊಂದು ಕಡೆ ಹಿಂದಿನ ಸಾಲಿನಲ್ಲಿ ಒಂದು ಕಪ್ಪು ಕೋಟು. ಇವನು ಕೂತ. ಬೆರಳು ತಾವಾಗಿ ತಂತಿಗೆ ಹೋದವು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ, ಆದರೆ ಯಾರ ಬೆರಳೂ ತಾವಾಗಿ ಎಲ್ಲಿಗೂ ಹೋಗುವುದಿಲ್ಲ.

ರೈಲು ಬಂತು, ರೈಲು ಹೋಯ್ತು. ನಾನು ನಿಂತೇ ಇದ್ದೆ. ಇಲ್ಲಿ ಅವನು ಅಂಗೈಯಿಂದ ತಂತಿ ಹಿಡಿದು ಸದ್ದು ನಿಲ್ಲಿಸುತ್ತಿದ್ದ. ಆಮೇಲಿನದ್ದು ಜನರ ಪಾಲು. ಹೋದಹೋದಲ್ಲೆಲ್ಲ ಅದು ರೂಢಿಯಾಗಿಬಿಟ್ಟಿತ್ತು. ಅವತ್ತೂ ಇಡೀ ಗೋದಾಮು ಒಂದೇ ಬಾಯಲ್ಲಿ, ನಾಲಿಗೆ ತೊಡರಿಸಿಕೊಂಡು, ತಾಳ ತಪ್ಪದೆ, ಪ್ರೀತಿಯಿಂದಲೇ ಹೇಳಿತು:

"ಪ್ರ... ಪ್ರಯಾ... ಪ್ರಯಾ..."

ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು. ಭಾವ ಮೊದಲು ಏನೂ ಅರ್ಥವಾಗದೆ ಅತ್ತಿತ್ತ ನೋಡಿದರು. ಆಮೇಲೆ ಅಕ್ಕನ ಕಡೆ ನೋಡಿದರು. ಆಮೇಲೆ ಅವರ ಮುಖ ಏನಾಯಿತು ಎಂದು ಅಳುಮುಂಜಿ ನೋಡಲಿಲ್ಲ. ಗಿಟಾರಿನ ಮೇಲಿನ ಒಂದು ಗೀರನ್ನೇ ನೋಡುತ್ತಾ ಕೂತ. ಆ ನಿಶ್ಶಬ್ದದಲ್ಲಿ ಕುರ್ಚಿ ಸರಿದ ಸದ್ದಾಯಿತು, ಊರುಗೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು. ಭಾವನಿಗೆ ಏಳಲು ಹೊತ್ತು ಹಿಡಿಯುತ್ತಿತ್ತು. ಯಾರೋ ಹಿಂದಕ್ಕೆ ತಿರುಗಿ, "ಶ್! ಸ್ವಲ್ಪ ಸುಮ್ನಿರ್ತೀರಾ?" ಎಂದು ಗದರಿದರು.

"ಥೂ!" ಎಂದಿತು ಗೋದಾಮು. ಚಪ್ಪಾಳೆಯೋ ಚಪ್ಪಾಳೆ.

ನೆಲ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡ. ಅದು ಬಾಯಿ ಬಿಡಲಿಲ್ಲ. ತಲೆಯೆತ್ತಿದಾಗ ಬಾಗಿಲ ಪಕ್ಕದ ಎರಡು ಕುರ್ಚಿ ಖಾಲಿ ಇದ್ದವು.

ಮನೆಗೆ ಬಂದಾಗ ಭಾವನ ಕೋಣೆಯ ದೀಪ ಆರಿತ್ತು. ಅಕ್ಕ ಅಡುಗೆಮನೆಯಲ್ಲಿ ನಿಂತಿದ್ದಳು. ಬೈಯುತ್ತಾಳೆ, ತಟ್ಟೆ ಎಸೆಯುತ್ತಾಳೆ ಎಂದುಕೊಂಡಿದ್ದ. ಹಾಗೇನಾದರೂ ಮಾಡಿದ್ದರೆ ಚೆನ್ನಾಗಿತ್ತು.

"ನಿಂಗೆ ಹೇಳ್ದೆ ಬಂದು ತಪ್ಪು ಮಾಡಿದ್ವಿ," ಎಂದಳು. "ಹೋಗೋಣ ಅಂತ ಅವ್ರೇ ಹೇಳಿದ್ದು ಕಣೋ. ಬಾಯಿಬಿಟ್ಟು ಹೇಳಿದ್ರು. ಇಡೀ ಮಾತು. ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ, ಬೇಡ ಅನ್ನೋಕಾಗ್ಲಿಲ್ಲ."

ಇವನು ಗಿಟಾರನ್ನು ಗೋಡೆಗೆ ಒರಗಿಸಿ ನಿಂತ.

"ಹೊರಗಡೆ ಒಂದು ಹುಡುಗಿ ಫೋನಿನಲ್ಲಿ ಆ ಹಾಡು ಹಾಕ್ಕೊಂಡು ನಿಂತಿದ್ಲು. ಕೇಳಿದೆ. ಅದು ಅವ್ರದೇ ಧ್ವನಿ ಅಲ್ವಾ?"

"ಹೂಂ."

"ಅದು ಹೆಂಗೆ ಬಂತೋ ಅದ್ರಲ್ಲಿ?"

ಇಲ್ಲಾದರೂ ನಿಜ ಹೇಳಬಹುದಿತ್ತು. "ತಾನಾಗೇ ಬಂತು ಅಕ್ಕ," ಎಂದ. "ಹಲಗೆ ಗೋಡೆ ಅಲ್ವಾ. ಹಾಡುವಾಗ ಆಚೆಯಿಂದ ಬಂದು ಸೇರ್ಕೊಂಡ್ಬಿಡ್ತು. ನಾನು ಏನೂ ತೆಗೆಯಲ್ಲ, ನಿಂಗೊತ್ತಲ್ಲ."

ಅಕ್ಕ ತಲೆಯಾಡಿಸಿದಳು. ಒಲೆಯ ಮೇಲೆ ಇಲ್ಲದ ಕಲೆಯನ್ನು ಬಟ್ಟೆಯಿಂದ ಒರೆಸಿದಳು.

"ಅವತ್ತು ಅವ್ರು ಥೂ ಅಂದಾಗ ನಾನು ಒಂದು ಮಾತು ಹೇಳಿದ್ದೆ. ನಾಳೆ ಬರುತ್ತೆ ಬಿಡ್ರೀ ಅಂತ. ಚೆನ್ನಾಗಿ ನೆನಪಿದೆ ನಂಗೆ. ಅದೆಲ್ಲಿ ಹೋಯ್ತೋ?"

 ಅಕ್ಕ ಉತ್ತರಕ್ಕೆ ಕಾದಳು. ಕಾಯುವುದನ್ನು ಈಗ ಚೆನ್ನಾಗಿ ಕಲಿತಿದ್ದಳಲ್ಲ. ಕಾದು ಕಾದು ಕೊನೆಗೆ ದೀಪ ಆರಿಸಿ ಮಲಗಲು ಹೋದಳು.

ಮರುದಿನ ಬೆಳಗ್ಗೆ ಹಲಗೆಯಾಚೆಯಿಂದ ಯಾವ ಸದ್ದೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಚಹಾ ಆದಮೇಲೆ ಭಾವ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. "ಇವತ್ತು ಬೇಡ್ವಂತೆ," ಎನ್ನುತ್ತಾ ಅಕ್ಕ ಚಿತ್ರದ ಕಾರ್ಡುಗಳನ್ನು ಡಬ್ಬಿಗೆ ಹಾಕಿಡುತ್ತಿದ್ದಳು. ಕಿಟಕಿ, ಲೋಟ, ಚಪ್ಪಲಿ ಎಲ್ಲ ಬರುತ್ತಿದ್ದ ನಾಲಿಗೆ ಮತ್ತೆ ಬೀಗ ಹಾಕಿಕೊಂಡಿತು. ಹೀಗೇ ಬಿಟ್ಟರೆ ಬಂದ ಮಾತೂ ಹೋಗುತ್ತದೆ, ಆಮೇಲೆ ನಾನು ಹೊಣೆಯಲ್ಲ ಎಂದು ಡಾಕ್ಟರಮ್ಮ ಫೋನಿನಲ್ಲಿ ಗದರಿದರು. ಅಕ್ಕ ಆ ಮಾತನ್ನು ಅಳುಮುಂಜಿಗೆ ಹೇಳಿದಳು, ಅಷ್ಟೇ, ಮುಂದಕ್ಕೆ ಒಂದಕ್ಷರ ಸೇರಿಸಲಿಲ್ಲ.

ಇವನು ಹಾಡನ್ನು ತೆಗೆದುಹಾಕಿದ. ಅದರಿಂದೇನು ಬಂತು? ಜನರ ಫೋನುಗಳಲ್ಲಿ ಅದಾಗಲೇ ಸೇರಿಹೋಗಿತ್ತು. ಯಾರೋ ಅದನ್ನು ಮತ್ತೆ ಬಿಟ್ಟರು. ಬಸ್ಸಿನಲ್ಲಿ ಒಬ್ಬನ ಫೋನು ಭಾವನ "ಥೂ" ಎಂದೇ ರಿಂಗಾಯಿತು. ಇವನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟ. ಭಾವನ ಕೋಣೆಯ ಬಾಗಿಲ ತನಕ ದಿನಾ ಹೋಗುತ್ತಿದ್ದ, ಒಳಗೆ ಕಾಲಿಡಲು ಧೈರ್ಯ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ "ತಾನಾಗೇ ಬಂತು" ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು.

ಒಂದು ಬೆಳಗ್ಗೆ ಉಗ್ರಾಣದಲ್ಲಿ ಸುಮ್ಮನೆ ಕೂತಿದ್ದಾಗ ಊರುಗೋಲಿನ ಸದ್ದು ಕೇಳಿಸಿತು. ಬಾಗಿಲಲ್ಲಿ ಭಾವ. ಹಿಂದೆ ಅಕ್ಕ. ಇವನು ಎದ್ದೆನೋ ಬಿದ್ದೆನೋ ಎಂದು ಕುರ್ಚಿ ಬಿಟ್ಟುಕೊಟ್ಟ. ಭಾವ ಕೂರಲಿಲ್ಲ. ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಗಿಟಾರು, ಮೈಕು, ರೆಕಾರ್ಡರು. ಆಮೇಲೆ ಕಂಬಳಿ. ಒಂದು ಮೂಲೆ ಇನ್ನೂ ಮಡಿಸಿ ಮೇಲೆ ಪಿನ್ ಚುಚ್ಚಿದ ಹಾಗೇ ಇತ್ತು. ಅದನ್ನು ಇಳಿಬಿಡಲು ಈ ಹಾಡುಗಾರ ಮರೆತೇಬಿಟ್ಟಿದ್ದ. ಆ ಕಂಬಳಿಗೆ ಒಂದೊಂದೇ ಮೊಳೆ ಹೊಡೆದವರು ಭಾವ. ಅವರು ಬರಿಯ ಹಲಗೆಯನ್ನು ನೋಡಿದರು, ಪಿನ್ ನೋಡಿದರು, ಆಮೇಲೆ ಇವನ ಮುಖ ನೋಡಿದರು.

 ಕುರ್ಚಿಯಲ್ಲಿ ಇವನನ್ನೇ ಕೂರುವಂತೆ ಸನ್ನೆ ಮಾಡಿದರು. ಎಡಗೈಯಿಂದ ಮೈಕಿನ ಕೋಲನ್ನು ಎಳೆದು ಇವನ ಬಾಯಿಯ ಮುಂದೆ ತಂದಿಟ್ಟರು. ಒಂದು ಗೇಣು ಅಳೆದರು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ರೆಕಾರ್ಡರಿನ ಕೆಂಪು ಬಟನ್ ಒತ್ತಿದರು. ಒತ್ತಿ, ಹೇಳು ಎನ್ನುವಂತೆ ಗದ್ದ ಎತ್ತಿದರು.

"ಭಾವ, ನಾನು..." ಎಂದ ಅಳುಮುಂಜಿ.

ಮುಂದಕ್ಕೆ ಬರಲಿಲ್ಲ.

"ನಾನು... ಅದು... ಅದು ತಾನಾಗಿ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ. "ತಾನಾಗಿ ಅಲ್ಲ. ನಾ... ನಾನು..."

ಎಷ್ಟು ಹಾಡು ಬರೆದಿದ್ದ! ನಷ್ಟಕ್ಕೆ ಒಂದು ಮಾತು, ನೆನಪಿಗೆ ಒಂದು ಮಾತು, ಖಾಲಿ ಮನೆಗೆ ಹತ್ತು ಮಾತು. ಈಗ ಮೂರು ಮಾತು ಜೋಡಿಸಲು ಅವನಿಗೆ ಬೆವರು ಕಿತ್ತುಕೊಂಡು ಬಂತು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಅವ್ನು ಹೇಳ್ತಿರೋದು ಏನಂದ್ರೆ..." ಎಂದು ಬಾಯಿ ಹಾಕಿದಳು. ಭಾವ ಎಡಗೈ ಎತ್ತಿ ತಡೆದರು. ಎತ್ತಿಕೊಡಬಾರದು. ಅವನಾಗೇ ಹೇಳಬೇಕು. ಅಕ್ಕ ತುಟಿ ಕಚ್ಚಿಕೊಂಡು ಸೆರಗು ಹಿಂಡಿಕೊಂಡಳು.

ಅಂತೂ ಒಂದೊಂದಾಗಿ ಬಂದವು. "ಕಂಬಳಿ... ನಾನೇ ಮಡಿಸಿದೆ. ಮೈಕನ್ನ ನಾನೇ... ಹಲಗೆಗೆ ಇಟ್ಟೆ. ಒಂದಿನ ಅಲ್ಲ. ದಿನಾ. ಅಕ್ಕ ಹೇಳಿದ ಮಾತು ನಾ... ನಾನು ಕತ್ತರಿಸ್ದೆ. ಯಾರು ಅಂತ ಕೇಳಿದ್ರು. ಯಾರೋ ಅಂದೆ. ಭಾವ, ಯಾರೋ ಅಂದ್ಬಿಟ್ಟೆ. ಅವತ್ತು ನೀವು ಬಂದಿದ್ದು ನೋಡಿದ್ರೂ... ನೋಡಿದ್ರೂ ಹಾಡ್ದೆ." ಅಷ್ಟು ಹೇಳಿ ಅತ್ತ. ಗಡ್ಡದಲ್ಲೆಲ್ಲ ನೀರು, ಮೂಗಲ್ಲೆಲ್ಲ ನೀರು, ನೋಡಲು ಚೆಂದವಿರಲಿಲ್ಲ. ಅವನ ಹಾಡುಗಳಲ್ಲಿ ಯಾರೂ ಹೀಗೆ ಅಳುತ್ತಿರಲಿಲ್ಲ.

ಭಾವ ಬಟನ್ ಒತ್ತಿ ನಿಲ್ಲಿಸಿದರು. ಆಮೇಲೆ ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಇಷ್ಟು ದಿನ ಅಕ್ಕನ ಮುಂದೆ ಮಾತ್ರ ತೊದಲುತ್ತಿದ್ದ ಮನುಷ್ಯ ಇವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು.

"ಇ... ಇದ್ನ... ಹಾ... ಹಾಕ್ತೀಯಾ?"

ಇದನ್ನೂ ಜನರಿಗೆ ಬಿಡುತ್ತೀಯಾ ಎಂದು. ಅಳುಮುಂಜಿಯ ಮುಖ ಕಿವಿಯ ತನಕ ಸುಟ್ಟಂತಾಯಿತು. ತನ್ನ ತೊದಲು, ತನ್ನ ಮೂಗು ಸುರಿಸಿದ್ದು, ತನ್ನ ಕಳ್ಳತನ, ಇಡೀ ಲೋಕದ ಕಿವಿಗೆ. ಬೇಡ ಎನ್ನಲು ಬಾಯಿ ತೆರೆದ. ಬೇಡ ಎಂದು ಹೇಳುವ ಅವಕಾಶ ಭಾವನಿಗೆ ಯಾರು ಕೊಟ್ಟಿದ್ದರು? ಬಾಯಿ ಮುಚ್ಚಿದ.

"ಹಾಕ್ತೀನಿ ಭಾವ," ಎಂದ.

ಅವತ್ತೇ ಹಾಕಿದ. ಒಂದಕ್ಷರ ತೆಗೆಯಲಿಲ್ಲ, ಒಂದು ತಂತಿ ಮೀಟಿ ಸೇರಿಸಲಿಲ್ಲ. ಅಕ್ಕ ನಡುವೆ ಬಾಯಿ ಹಾಕಿದ್ದೂ ಹಾಗೇ ಇತ್ತು. ಜನ ಉಗಿಯಲಿ ಎಂದು ಕಾದ. ಉಗಿದರೆ ಎದೆ ಸ್ವಲ್ಪ ಹಗುರಾಗುತ್ತದೆ ಎಂಬ ಆಸೆಯೂ ಒಳಗೊಳಗೇ ಇತ್ತು.

ಜನ ಉಗಿಯಲಿಲ್ಲ. ಅದನ್ನೂ ಹಾಡು ಎಂದುಕೊಂಡರು. ಎಂಥಾ ಧೈರ್ಯ, ಗಿಟಾರೇ ಇಲ್ಲದ ಹಾಡು ಎಂದರು. ಆ ತೊದಲು ಎಷ್ಟು ಸಹಜವಾಗಿದೆ, ಎಷ್ಟು ತಿಂಗಳು ಅಭ್ಯಾಸ ಮಾಡಿದಿರಿ ಎಂದು ಒಬ್ಬ ಕೇಳಿದ. ಭಾವ ಅಂದರೆ ಯಾರು, ದೇವರಾ ಎಂದು ಇನ್ನೊಬ್ಬಳು ಬರೆದಳು. ಇವನು ಒಬ್ಬೊಬ್ಬರಿಗೂ, ಇದು ಹಾಡಲ್ಲ, ನಿಜವಾಗಿ ನಡೆದದ್ದು, ನಾನು ಮಾಡಿದ್ದು ಎಂದು ಉತ್ತರ ಬರೆಯುತ್ತಾ ಕೂತ. ಆ ಉತ್ತರವನ್ನೂ ಜನ ಮೆಚ್ಚಿಕೊಂಡರು.

ಬೆಳಗ್ಗೆ ಭಾವನ ಕೋಣೆಯ ಬಾಗಿಲು ತೆರೆದೇ ಇತ್ತು. ಅಕ್ಕ ಚಿತ್ರದ ಕಾರ್ಡುಗಳ ಡಬ್ಬಿ ಹಿಡಿದು ಕೂತಿದ್ದಳು. ಭಾವ ಇವನನ್ನು ಕೈಬೀಸಿ ಕರೆದರು. ಇವನು ಹೋಗಿ ಮಂಚದ ಕಾಲ ಬಳಿ ನೆಲದ ಮೇಲೆ ಕೂತ.

"ಏ... ಏನಂ... ದ್ರು?" ಎಂದು ಕೇಳಿದರು ಭಾವ.

ಸುಳ್ಳು ಹೇಳುವ ಶಕ್ತಿ ಇವನಲ್ಲಿ ಉಳಿದಿರಲಿಲ್ಲ. ತಲೆ ತಗ್ಗಿಸಿ ಹೇಳಿದ, "ತುಂಬಾ ಚೆನ್ನಾಗಿದೆ ಅಂದ್ರು ಭಾವ. ನನ್ನ ಹಾಡುಗಳಲ್ಲೆಲ್ಲ ಇದೇ ಚೆನ್ನಾಗಿದೆಯಂತೆ."

ಭಾವ ಅವನನ್ನು ಬಹಳ ಹೊತ್ತು ನೋಡಿದರು. ಅಕ್ಕ ಕಾರ್ಡು ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಕಾದಳು.

"ಥೂ," ಎಂದರು ಭಾವ.

ಈ ಸಲ ಅದನ್ನು ಅವರು ತಮಗೆ ತಾವೇ ಹೇಳಿಕೊಂಡದ್ದಲ್ಲ. ಅಳುಮುಂಜಿ ತಲೆ ಎತ್ತದೆ, "ಹೂಂ ಭಾವ," ಎಂದ. ಅಕ್ಕ ಮೊದಲನೆಯ ಕಾರ್ಡು ಎತ್ತಿ ಹಿಡಿದಳು. ಅದರಲ್ಲಿ ಕಿಟಕಿಯ ಚಿತ್ರ ಇತ್ತು.